ಐರ್ಲೆಂಡಿನ ಆಟಗಾರ ಹ್ಯಾರಿ ಬೋಲಂಡ್

ಪರದೇಶದ ಪುರುಷರ ಚರಿತ್ರೆಯನ್ನು ಓದಬೇಕೆಂದು ಮನಸ್ಸಾದಾಗ ನಾವು ಸಾಮಾನ್ಯವಾಗಿ ರಾಜರನ್ನೋ, ಸೇನಾಪತಿಗಳನ್ನೋ, ಕವಿಗಳನ್ನೋ ಹುಡುಕುತ್ತೇವೆ. ಆಟಗಾರನ ಚರಿತ್ರೆಯನ್ನು ಹುಡುಕಿ ಓದುವವರು ವಿರಳ. ಆಟವೆಂಬುದು ಬಾಲ್ಯದೊಡನೆ ಮುಗಿದುಹೋಗತಕ್ಕ ವಿನೋದ, ಅದರಲ್ಲಿ ದೊಡ್ಡವರು ಮನನಮಾಡತಕ್ಕ ಸಾರವೇನೂ ಇಲ್ಲ ಎಂಬುದು ಹಲವರ ಎಣಿಕೆ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹುಡುಗರಿಗೆ ಪಾಠ ಹೇಳಿದ ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು. ಪಾಠದ ಕೊಠಡಿಯಲ್ಲಿ ಹುಡುಗನ ಬುದ್ಧಿ ಗೋಚರವಾಗುತ್ತದೆ. ಅವನ ಸ್ವಭಾವವು ಗೋಚರವಾಗುವುದು ಆಟದ ಬಯಲಿನಲ್ಲಿ. ಸೋತಾಗ ಅವನು ಏನು ಮಾಡುತ್ತಾನೆ, ಗೆದ್ದಾಗ ಎದುರಾಳಿಯ ಮುಖವನ್ನು ಹೇಗೆ ನೋಡುತ್ತಾನೆ ಎಂಬುದನ್ನು ಯಾವ ಪರೀಕ್ಷೆಯೂ ತಿಳಿಸಲಾರದು. ನಿವೃತ್ತಿ ಸಮೀಪಿಸಿದ ಮೇಲೆ ನನಗೆ ಮನವರಿಕೆಯಾದ ಈ ಸಂಗತಿಗೆ ದೃಷ್ಟಾಂತವಾಗಿ, ಮೂವತ್ತೈದನೆಯ ವಯಸ್ಸಿಗೇ ಅಸುನೀಗಿದ ಐರ್ಲೆಂಡಿನ ಒಬ್ಬ ಆಟಗಾರನ ಕಥೆಯನ್ನು ವಾಚಕರ ಮುಂದಿಡುತ್ತೇನೆ. ಅವನ ಹೆಸರು ಹ್ಯಾರಿ ಬೋಲಂಡ್.

ಮೊದಲು ಅವನು ಆಡಿದ ಆಟವಾವುದೆಂಬುದನ್ನು ಹೇಳಬೇಕು. ಅದಕ್ಕೆ ಹರ್ಲಿಂಗ್ ಎಂದು ಹೆಸರು. ನಮ್ಮವರು ಕಂಡಿರುವ ಹಾಕಿ ಆಟಕ್ಕೆ ಇದು ದೂರದ ದಾಯಾದಿಯೆನ್ನಬಹುದು. ಆದರೆ ಹಾಕಿಗಿಂತ ಎಷ್ಟೋ ಪಾಲು ರಭಸವಾದುದು. ಆಶ್ ಎಂಬ ಮರದಿಂದ ಕೆತ್ತಿದ, ತುದಿಯಲ್ಲಿ ಬಾಗಿ ಅಂಗೈಯಂತೆ ಅಗಲವಾಗಿರುವ ಕೋಲು ಪ್ರತಿಯೊಬ್ಬನ ಕೈಯಲ್ಲಿಯೂ ಇರುತ್ತದೆ. ಐರಿಷ್ ಭಾಷೆಯಲ್ಲಿ ಅದನ್ನು ಕಮಾನ್ ಎನ್ನುತ್ತಾರೆ. ನಮ್ಮ 'ಕಮಾನು' ಪಾರಸಿಯಿಂದ ಬಂದುದು, ಅದಕ್ಕೂ ಇದಕ್ಕೂ ನಂಟಿಲ್ಲ; ಎರಡೂ ಬಾಗಿದ ವಸ್ತುಗಳೆಂಬುದೊಂದು ಸೊಗಸಾದ ಕಾಕತಾಳೀಯ. ಚೆಂಡು ತೊಗಲಿನದು, ನೂರಹತ್ತರಿಂದ ನೂರಿಪ್ಪತ್ತು ಗ್ರಾಂ ತೂಕದ್ದು. ಅದನ್ನು ನೆಲದ ಮೇಲೆ ಹೊಡೆಯಬಹುದು, ಆಕಾಶದಲ್ಲಿ ಹೊಡೆಯಬಹುದು, ಕೈಯಲ್ಲಿ ಹಿಡಿಯಬಹುದು, ಕೋಲಿನ ತುದಿಯಲ್ಲಿ ನಿಲ್ಲಿಸಿಕೊಂಡು ಓಡಬಹುದು. ಬಯಲಿನ ಎರಡು ತುದಿಗಳಲ್ಲಿಯೂ ಅಡ್ಡತೊಲೆಯುಳ್ಳ ಎತ್ತರದ ಕಂಬಗಳಿರುತ್ತವೆ. ಚೆಂಡು ತೊಲೆಯ ಕೆಳಗೆ ಹೋದರೆ ಒಂದು ಗೋಲು, ಅದಕ್ಕೆ ಮೂರು ಅಂಕ. ಮೇಲೆ ಹೋದರೆ ಒಂದೇ ಅಂಕ. ಈಗ ಒಂದೊಂದು ಪಕ್ಷಕ್ಕೆ ಹದಿನೈದು ಜನ. ಬೋಲಂಡನು ತರುಣನಾಗಿದ್ದಾಗ ಹದಿನೇಳು ಜನರಿದ್ದರು. ಮೂವತ್ತನಾಲ್ಕು ಕೋಲುಗಳು ಒಂದೇ ಚೆಂಡಿಗಾಗಿ ಬೀಸುವ ಸಂಭ್ರಮವನ್ನು ವಾಚಕರೇ ಊಹಿಸಿಕೊಳ್ಳಬೇಕು.

ಐರಿಷ್ ಜನರಿಗೆ ಇದು ಬರಿಯ ಆಟವಲ್ಲ. ನಮ್ಮಲ್ಲಿ ಗೋಪಾಲಕೃಷ್ಣನ ಚೆಂಡಾಟದ ಕಥೆಯಿರುವಂತೆ ಅವರ ಪುರಾಣದಲ್ಲಿ ಸೆಟಾಂಟ ಎಂಬ ಬಾಲಕನ ಕಥೆಯಿದೆ. ಅವನು ಒಬ್ಬನೇ ಮನೆಯಿಂದ ಹೊರಟು, ದಾರಿಯ ಬೇಸರ ಕಳೆಯುವುದಕ್ಕಾಗಿ ಚೆಂಡನ್ನು ಕೋಲಿನಿಂದ ಮುಂದಕ್ಕೆ ಹೊಡೆದು, ತಾನೇ ಓಡಿಹೋಗಿ ಹಿಡಿಯುತ್ತ ರಾಜನ ಪಟ್ಟಣವನ್ನು ಸೇರಿದನಂತೆ. ಕುಲನ್ ಎಂಬ ಕಮ್ಮಾರನ ಭಯಂಕರವಾದ ಕಾವಲುನಾಯಿ ಮೈಮೇಲೆರಗಿದಾಗ ಅದೇ ಚೆಂಡಿನಿಂದ ಅದನ್ನು ಕೊಂದು, 'ಕುಲನನ ನಾಯಿ' ಎಂಬರ್ಥದ ಕೂಹುಲಿನ್ ಎಂಬ ಹೆಸರನ್ನು ಪಡೆದನಂತೆ. ಅಲ್ಪಾಯುಷ್ಯವಾದರೂ ಸರಿ, ಕೀರ್ತಿ ನಿಲ್ಲಲಿ ಎಂದು ಬಯಸಿದ ವೀರನವನು; ಆ ದೇಶದ ಅಭಿಮನ್ಯುವೆಂದರೂ ಸಲ್ಲುವುದು. ಅವನ ಕಥೆಗೆ ಕೊನೆಯಲ್ಲಿ ಮತ್ತೊಮ್ಮೆ ಬರಬೇಕಾಗಿದೆ.

ಈ ಆಟವನ್ನು ಆಳುವವರು ಸಹಿಸಲಿಲ್ಲ. ಐರ್ಲೆಂಡಿನಲ್ಲಿ ನೆಲೆಸಿದ ಆಂಗ್ಲರು ದೇಶೀಯರೊಡನೆ ಬೆರೆತುಹೋಗುವರೆಂಬ ಭಯದಿಂದ 1366ರಲ್ಲಿಯೇ ಕಿಲ್ಕೆನಿಯ ಶಾಸನವು ಅವರು ಇದನ್ನಾಡಕೂಡದೆಂದು ವಿಧಿಸಿತು. ಆಟವು ಅಳಿಯಲಿಲ್ಲ, ಆದರೆ ಹತ್ತೊಂಬತ್ತನೆಯ ಶತಮಾನದ ಕ್ಷಾಮಗಳಲ್ಲಿಯೂ ವಲಸೆಗಳಲ್ಲಿಯೂ ಸೊರಗಿ ಕೆಲವು ಸೀಮೆಗಳಲ್ಲಿ ಮಾತ್ರ ಉಸಿರು ಹಿಡಿದಿತ್ತು. 1884ನೆಯ ನವೆಂಬರ್ 1ರಂದು ಥರ್ಲ್ಸ್ ಎಂಬ ಪೇಟೆಯ ಹೋಟಲೊಂದರಲ್ಲಿ ಕೆಲವರು ಸೇರಿ ದೇಶೀಯ ಕ್ರೀಡೆಗಳ ಸಂಘವೊಂದನ್ನು ಸ್ಥಾಪಿಸಿದರು. ಅವರಲ್ಲಿ ಮುಂದಾಳಾಗಿದ್ದವನು ಮೈಕೇಲ್ ಕ್ಯೂಸಾಕ್. ಅವನೂ ಉಪಾಧ್ಯಾಯನೇ ಎಂಬುದನ್ನು ಬರೆಯುವಾಗ ನನಗೆ ಸ್ವಲ್ಪ ಹೆಮ್ಮೆಯೆನಿಸುತ್ತದೆ. ಹಳ್ಳಿಗೊಂದು ತಂಡ, ಜಿಲ್ಲೆಗೊಂದು ತಂಡ, ಇಡೀ ದೇಶಕ್ಕೊಂದು ಪಂದ್ಯಾವಳಿ ಎಂಬ ವ್ಯವಸ್ಥೆ ಆ ಸಂಘದಿಂದ ಬೆಳೆಯಿತು. ಸ್ವಂತ ಭಾಷೆಯನ್ನೂ ಭೂಮಿಯನ್ನೂ ಕಳೆದುಕೊಂಡಿದ್ದ ಜನರಿಗೆ ಸ್ವಂತವೆಂದು ಹೇಳಿಕೊಳ್ಳಲು ಒಂದು ಬಯಲು ದೊರೆಯಿತು.

ಸಂಘವು ಹುಟ್ಟಿ ಮೂರನೆಯ ವರ್ಷದಲ್ಲಿ, 1887ನೆಯ ಏಪ್ರಿಲ್ 27ರಂದು, ಡಬ್ಲಿನ್ ನಗರದಲ್ಲಿ ಹ್ಯಾರಿ ಬೋಲಂಡನು ಜನಿಸಿದನು. ತಂದೆ ಜೇಮ್ಸ್ ಬೋಲಂಡ್ ನಗರಸಭೆಯ ರಸ್ತೆ ಕೆಲಸಗಳಲ್ಲಿದ್ದವನು; ದೇಶಸ್ವಾತಂತ್ರ್ಯದ ಗುಪ್ತಮಂಡಲಿಗೆ ಸೇರಿದವನು; ಆ ಕ್ರೀಡಾಸಂಘದ ಡಬ್ಲಿನ್ ಶಾಖೆಯ ಮುಖಂಡರಲ್ಲೊಬ್ಬನು. 1891ರಲ್ಲಿ ಐರಿಷ್ ಜನನಾಯಕ ಪಾರ್ನೆಲನು ತೀರಿಕೊಂಡಾಗ ಆಟಗಾರರು ಕೋಲುಗಳಿಗೆ ಕಪ್ಪು ಬಟ್ಟೆ ಸುತ್ತಿ ಶವದ ಹಿಂದೆ ಸಾಲುಸಾಲಾಗಿ ನಡೆದರಂತೆ. ಆಟದ ಕೋಲಿಗೂ ಕೋವಿಗೂ ಇರುವ ಅಂತರವು ಆ ದೇಶದಲ್ಲಿ ಅಷ್ಟು ಕಿರಿದಾಗುತ್ತ ಬಂದಿತ್ತು. 1895ರಲ್ಲಿ ಹ್ಯಾರಿಗೆ ಇನ್ನೂ ಎಂಟು ತುಂಬುವುದರೊಳಗೆ ತಂದೆ ತೀರಿಕೊಂಡನು. ಕ್ರೀಡಾಸಂಘದ ಸ್ನೇಹಿತರು ಕೈಲಾದ ಸಹಾಯ ಮಾಡಲು, ತಾಯಿಯು ಹೊಗೆಸೊಪ್ಪಿನ ಸಣ್ಣ ಅಂಗಡಿಯೊಂದನ್ನಿಟ್ಟು ಮಕ್ಕಳನ್ನು ಸಾಕಿದಳು. ಹೀಗೆ ಆಟದ ಬಳಗವು ಹ್ಯಾರಿಗೆ ತಂದೆಯ ಸ್ಥಾನದಲ್ಲಿ ನಿಂತಿತೆಂದರೆ ಅತಿಶಯೋಕ್ತಿಯಲ್ಲ.

ಪಾಠಶಾಲೆ ಮುಗಿದ ಮೇಲೆ ಅವನು ದರ್ಜಿಯ ಕಸುಬನ್ನು ಕಲಿತನು. ಹಗಲು ಬಟ್ಟೆಗೆ ಕತ್ತರಿ, ಸಂಜೆ ಚೆಂಡಿಗೆ ಕೋಲು. ಅವನು ನಗುಮುಖದವನು, ಹಾಸ್ಯಪ್ರಿಯನು, ಹಾಡುಗಾರನು, ಕಸುಬಿಗೆ ತಕ್ಕಂತೆ ಉಡುಪಿನಲ್ಲಿ ಒಪ್ಪವುಳ್ಳವನು. ಎಲ್ಲಿ ನಿಂತರೂ ನಾಲ್ಕು ಜನರು ಸುತ್ತ ಸೇರುವಂಥವನು. ಡಬ್ಲಿನ್ ಜಿಲ್ಲೆಯ ತಂಡದಲ್ಲಿ ಅವನಿಗೆ ಸ್ಥಾನ ದೊರಕಿತು. 1908ನೆಯ ವರ್ಷದ ದೇಶೀಯ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಆ ತಂಡವು ಬಂದಿತು. ಎದುರಾಳಿಗಳು ಈ ಆಟಕ್ಕೆ ತವರೆನಿಸಿದ ಟಿಪ್ಪರೇರಿಯವರು. ಪಂದ್ಯವು ನಡೆದುದು ಮರುವರ್ಷದ ಏಪ್ರಿಲಿನಲ್ಲಿ. ಟಿಪ್ಪರೇರಿಗೆ 2 ಗೋಲು 5 ಅಂಕ, ಡಬ್ಲಿನ್ನಿಗೆ 1 ಗೋಲು 8 ಅಂಕ. ಲೆಕ್ಕಹಾಕಿದರೆ ಇಬ್ಬರಿಗೂ ಹನ್ನೊಂದು! ಜೂನ್ ತಿಂಗಳಿನಲ್ಲಿ ಮತ್ತೆ ಆಡಿದಾಗ ಟಿಪ್ಪರೇರಿಯವರು 3 ಗೋಲು 15 ಅಂಕಗಳನ್ನು ಗಳಿಸಿ, 1 ಗೋಲು 5 ಅಂಕಗಳ ಡಬ್ಲಿನ್ನನ್ನು ನಿರ್ದಾಕ್ಷಿಣ್ಯವಾಗಿ ಸೋಲಿಸಿದರು. ಇಪ್ಪತ್ತೆರಡು ವರ್ಷದ ತರುಣನು ದೇಶದ ಅತ್ಯುಚ್ಚ ಪದವಿಯ ಹೊಸ್ತಿಲವರೆಗೆ ಬಂದು ಹಿಂದಿರುಗಿದನು.

ಸೋತವನು ಆಟವನ್ನು ಬಿಡಲಿಲ್ಲ; ಅದರ ಸೇವೆಗೆ ನಿಂತನು. 1911ರಿಂದ ಡಬ್ಲಿನ್ ಜಿಲ್ಲಾ ಕ್ರೀಡಾಮಂಡಲಿಯ ಅಧ್ಯಕ್ಷನಾಗಿ, ತಂದೆ ಕುಳಿತಿದ್ದ ಪೀಠದಲ್ಲಿ ಕುಳಿತು, ತಂಡಗಳ ಜಗಳಗಳನ್ನು ತೀರಿಸಿದನು. 1914ರ ದೇಶೀಯ ಕಾಲ್ಚೆಂಡಿನ ಅಂತಿಮ ಪಂದ್ಯಕ್ಕೆ ತೀರ್ಪುಗಾರನಾಗಿ ನಿಂತನು. ಸಹಸ್ರಾರು ಜನರ ಕೂಗಾಟದ ನಡುವೆ ಸೀಟಿಯೊಂದನ್ನು ಹಿಡಿದು, ಇಬ್ಬರಿಗೂ ಒಪ್ಪಿತವಾಗುವಂತೆ ನ್ಯಾಯ ಹೇಳುವುದು ಸುಲಭದ ಕೆಲಸವಲ್ಲ. ಬೋಲಂಡನು ಅದನ್ನು ಬಲ್ಲವನಾಗಿದ್ದನು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಆಟದ ಈ ಬಳಗದಲ್ಲಿಯೇ ಅವನಿಗೆ ಆಪ್ತನಾದ ಮತ್ತೊಬ್ಬ ತರುಣನೆಂದರೆ ಮೈಕೇಲ್ ಕಾಲಿನ್ಸ್. ಕಾರ್ಕ್ ಸೀಮೆಯ ರೈತನ ಮಗ. ಹದಿನಾರು ವರ್ಷ ತುಂಬುವ ಮೊದಲೇ ಲಂಡನ್ನಿನ ಅಂಚೆ ಉಳಿತಾಯ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿಯ ಐರಿಷ್ ತಂಡದಲ್ಲಿ ಹರ್ಲಿಂಗ್ ಆಡುತ್ತಿದ್ದವನು. ಬೋಲಂಡನಿಗಿಂತ ಮೂರು ವರ್ಷ ಕಿರಿಯನು. ಇಬ್ಬರೂ ಗುಪ್ತಮಂಡಲಿಯ ಸದಸ್ಯರು, ಇಬ್ಬರೂ ನಗೆಗಾರರು, ಇಬ್ಬರೂ ಸೆಣಸಾಟದಲ್ಲಿ ಮೈಮರೆಯುವವರು. 1916ರ ಈಸ್ಟರ್ ಹಬ್ಬದಲ್ಲಿ ಡಬ್ಲಿನ್ನಿನಲ್ಲಿ ಬಂಡಾಯವೆದ್ದಾಗ ಬೋಲಂಡನೂ ಕಾಲಿನ್ಸನೂ ಅದರ ಕೇಂದ್ರವಾದ ದೊಡ್ಡ ಅಂಚೆ ಕಚೇರಿಯಲ್ಲಿದ್ದರು. ಮುಂದೆ ಮೈಸೂರು ರಾಜ್ಯದ ರಾಜ್ಯಪಾಲರೂ ಆ ಬಳಿಕ ಭಾರತದ ರಾಷ್ಟ್ರಪತಿಗಳೂ ಆದ ವಿ. ವಿ. ಗಿರಿಯವರು ಆ ವರ್ಷಗಳಲ್ಲಿ ಡಬ್ಲಿನ್ನಿನಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತಿದ್ದರೆಂಬುದನ್ನು ಪ್ರಸಂಗವಶಾತ್ ಹೇಳಬಹುದು. ಬಂಡಾಯವು ಆರು ದಿನಗಳಲ್ಲಿ ಅಡಗಿತು. ಬೋಲಂಡನಿಗೆ ಹತ್ತು ವರ್ಷಗಳ ಕಠಿಣ ಶಿಕ್ಷೆಯನ್ನು ವಿಧಿಸಿ, ಐದನ್ನು ಮನ್ನಿಸಿ, ಇಂಗ್ಲೆಂಡಿನ ಸೆರೆಮನೆಗಳಿಗೆ ಕಳುಹಿಸಿದರು. 1917ರ ಜೂನಿನಲ್ಲಿ ಉಳಿದ ಕೈದಿಗಳೊಡನೆ ಅವನೂ ಬಿಡುಗಡೆಯಾದನು. ಬಂದವನು ಡಬ್ಲಿನ್ನಿನಲ್ಲಿ ದರ್ಜಿಯ ಅಂಗಡಿಯನ್ನು ತೆರೆದನು. ಅಲ್ಲಿ ಅಂಗಿಗಳಿಗಿಂತ ಆಲೋಚನೆಗಳೇ ಹೆಚ್ಚಾಗಿ ಸಿದ್ಧವಾಗುತ್ತಿದ್ದವು. 1918ರ ಚುನಾವಣೆಯಲ್ಲಿ ಜನರು ಅವನನ್ನು ಪ್ರತಿನಿಧಿಯಾಗಿ ಆರಿಸಿದರು.

ಇಬ್ಬರು ಗೆಳೆಯರೂ ಸೇರಿ ಮಾಡಿದ ಒಂದು ಸಾಹಸವು ಕಾದಂಬರಿಯನ್ನೂ ಮೀರಿಸುವಂಥದು. ನಾಯಕನಾದ ಡಿ ವೆಲೇರಾ ಇಂಗ್ಲೆಂಡಿನ ಲಿಂಕನ್ ಸೆರೆಮನೆಯಲ್ಲಿದ್ದನು. ಅವನು ಪಾದ್ರಿಯ ಬೀಗದಕೈಯ ಅಚ್ಚನ್ನು ಮೇಣದಬತ್ತಿಯ ಮೇಣದಲ್ಲಿ ತೆಗೆದನು. ಅದರ ಚಿತ್ರವನ್ನು ಕ್ರಿಸ್ಮಸ್ ಹಬ್ಬದ ಕಾಗದದಲ್ಲಿ ಪರಿಹಾಸ್ಯದ ಚಿತ್ರವೆಂಬಂತೆ ಬರೆಯಿಸಿ ಹೊರಕ್ಕೆ ಕಳುಹಿಸಲಾಯಿತು. ಹೊರಗಿನವರು ಬೀಗದಕೈಗಳನ್ನು ಮಾಡಿಸಿ ಕೇಕಿನೊಳಗೆ ಹುದುಗಿಸಿ ಒಳಕ್ಕೆ ಕಳುಹಿಸಿದರು. 1919ನೆಯ ಫೆಬ್ರವರಿ 3ರ ರಾತ್ರಿ ಬೋಲಂಡನೂ ಕಾಲಿನ್ಸನೂ ಸೆರೆಮನೆಯ ಹಿಂಬಾಗಿಲಿಗೆ ಬಂದರು. ಕಾಲಿನ್ಸನು ಹೊರಗಿನಿಂದ ತಿರುಗಿಸಿದ ಬೀಗದಕೈ ಬೀಗದಲ್ಲಿಯೇ ಮುರಿಯಿತು! ಒಳಗಿನಿಂದ ಡಿ ವೆಲೇರಾ ತನ್ನ ಬೀಗದಕೈಯಿಂದ ಆ ಚೂರನ್ನು ಹೊರಕ್ಕೆ ತಳ್ಳಿ ಬಾಗಿಲು ತೆರೆದನು. ದಾರಿಯಲ್ಲಿ ಸಿಪಾಯಿಗಳು ತಮ್ಮ ಪ್ರಿಯತಮೆಯರೊಡನೆ ಮಾತಾಡುತ್ತ ನಿಂತಿದ್ದರು. ಬೋಲಂಡನು ತನ್ನ ತುಪ್ಪಳದ ಕೋಟನ್ನು ಡಿ ವೆಲೇರಾನಿಗೆ ಹೊದಿಸಿ, ತೋಳಿಗೆ ತೋಳು ಸೇರಿಸಿ, ತಾವೂ ಅಂಥದೇ ಜೋಡಿಯೆಂಬಂತೆ ಸಿಪಾಯಿಗಳಿಗೆ ಶುಭರಾತ್ರಿ ಹೇಳಿ ದಾಟಿಹೋದನು.

ಆ ವರ್ಷವೇ ಅವನನ್ನು ಅಮೆರಿಕೆಗೆ ಕಳುಹಿಸಿದರು. ಡಿ ವೆಲೇರಾನ ಪ್ರವಾಸಕ್ಕೆ ಮುಂಚೂಣಿಯಾಗಿ ಅವನು ಸಭೆಗಳನ್ನು ಏರ್ಪಡಿಸಿದನು. ಸಾಲಪತ್ರಗಳ ಮೂಲಕ ಐವತ್ತು ಲಕ್ಷಕ್ಕೂ ಹೆಚ್ಚು ಡಾಲರುಗಳು ಕೂಡಿಬಂದವು. ನ್ಯೂಯಾರ್ಕಿನಲ್ಲಿದ್ದ ಸೋವಿಯತ್ ಪ್ರತಿನಿಧಿಗೆ ಹಣದ ಅಡಚಣೆಯಾದಾಗ ಇಪ್ಪತ್ತು ಸಾವಿರ ಡಾಲರುಗಳನ್ನು ಸಾಲವಾಗಿ ಕೊಟ್ಟು, ರಷ್ಯದ ಚಕ್ರವರ್ತಿಗಳದೆನ್ನಲಾದ ರತ್ನಾಭರಣಗಳನ್ನು ಒತ್ತೆಯಿಟ್ಟುಕೊಂಡ ವಿಚಿತ್ರ ವ್ಯವಹಾರವೂ ಅವನ ಕೈಯಿಂದಲೇ ನಡೆಯಿತು. ಆ ಆಭರಣಗಳು ಕೊನೆಗೆ ಅವನ ತಾಯಿಯ ಮನೆಯನ್ನು ಸೇರಿದವು. ಮಗನು ತೀರಿಕೊಂಡ ಮೇಲೂ, ಸಂಸಾರದ ಸುಖಕಷ್ಟಗಳ ನಡುವೆ, ಆ ಮನೆಯವರು ಅವುಗಳಲ್ಲಿ ಒಂದು ಹರಳನ್ನೂ ಮುಟ್ಟದೆ ಕಾಪಾಡಿ 1938ರಲ್ಲಿ ಸರ್ಕಾರಕ್ಕೆ ಒಪ್ಪಿಸಿದರು. 1949ರಲ್ಲಿ ಸಾಲದ ಹಣವು ಹಿಂದಕ್ಕೆ ಬಂದು ಒಡವೆಗಳು ರಷ್ಯಕ್ಕೆ ಮರಳಿದವು. ಪರರ ಒಡವೆಯನ್ನು ಹದಿನಾರು ವರ್ಷ ಮೌನವಾಗಿ ಕಾದ ಆ ಮನೆತನದ ಪ್ರಾಮಾಣಿಕತೆಯನ್ನು ನಮ್ಮ ಗೃಹಿಣಿಯರು ಮೆಚ್ಚದಿರಲಾರರು.

ಬೋಲಂಡನು ದೂರದಲ್ಲಿರುವಾಗ ಸ್ವದೇಶದಲ್ಲಿ ರಕ್ತ ಹರಿಯುತ್ತಿತ್ತು. 1920ನೆಯ ನವೆಂಬರ್ 21ರಂದು, ಅವನು ಬಲ್ಲ ಕ್ರೋಕ್ ಪಾರ್ಕ್ ಬಯಲಿನಲ್ಲಿಯೇ, ಆಟ ನಡೆಯುತ್ತಿದ್ದಾಗ ಸರ್ಕಾರದ ಪಡೆಗಳು ಗುಂಡುಹಾರಿಸಿ ಹದಿನಾಲ್ಕು ಜನರ ಪ್ರಾಣಹಾನಿಗೆ ಕಾರಣವಾದವು. ಅವರಲ್ಲಿ ಟಿಪ್ಪರೇರಿಯ ಆಟಗಾರ ಮೈಕೇಲ್ ಹೋಗನ್ ಒಬ್ಬನು. 1921ರ ಜುಲೈಯಲ್ಲಿ ಕದನವಿರಾಮವಾಯಿತು; ಬೋಲಂಡನು ತಾಯ್ನಾಡಿಗೆ ಬಂದನು. ಸೆಪ್ಟೆಂಬರ್ 11ರಂದು ಅದೇ ಬಯಲಿನಲ್ಲಿ ಡಬ್ಲಿನ್ ಮತ್ತು ಕಿಲ್ಕೆನಿ ತಂಡಗಳ ಹರ್ಲಿಂಗ್ ಪಂದ್ಯ. ಕಾಲಿನ್ಸನು ಕೋಲು ಹಿಡಿದು ಬಯಲಿಗಿಳಿದು ಚೆಂಡನ್ನು ಆಟಕ್ಕೆ ಹಾಕಿದನು, ಬೋಲಂಡನೂ ಅಲ್ಲಿದ್ದನು. ಆ ದಿನದ ಛಾಯಾಚಿತ್ರಗಳಲ್ಲಿ ಕಾಣುವವರು ಯುದ್ಧದ ನಾಯಕರಲ್ಲ, ಆಟದ ದಿನದಂದು ಹಿಗ್ಗಿದ ಹುಡುಗರು. ಇಬ್ಬರಿಗೂ ಉಳಿದಿದ್ದ ಆಯುಷ್ಯ ಒಂದು ವರ್ಷಕ್ಕಿಂತಲೂ ಕಡಮೆ.

ಅಷ್ಟರಲ್ಲಿ ಅವರ ನಡುವೆ ಒಂದು ಕೋಮಲವಾದ ಸಂಕಟವೂ ಬೆಳೆದಿತ್ತು. ಗ್ರಾನಾರ್ಡ್ ಎಂಬ ಊರಿನಲ್ಲಿ ಹೋಟಲು ನಡೆಸುತ್ತಿದ್ದ ಮನೆತನದ ಕಿಟಿ ಕೀರ್ನನ್ ಎಂಬ ಕನ್ಯೆಯನ್ನು ಬೋಲಂಡನು ವರಿಸಬೇಕೆಂದಿದ್ದನು. ಅವನು ಅಮೆರಿಕೆಯಲ್ಲಿದ್ದಾಗ ಕಾಲಿನ್ಸನೂ ಆಕೆಯಲ್ಲಿ ಅನುರಕ್ತನಾದನು. ಆಕೆ ಕಾಲಿನ್ಸನನ್ನೇ ಒಪ್ಪಿದಳು. ಸುದ್ದಿಯನ್ನರಿತ ಬೋಲಂಡನು ದ್ವೇಷಿಸಲಿಲ್ಲ, ದೂರಲಿಲ್ಲ. ಆಕೆಗೆ ಮನಸಾರೆ ಶುಭವನ್ನು ಹಾರೈಸಿ ಕಾಗದ ಬರೆದನು. ಟಿಪ್ಪರೇರಿಯವರ ಮುಂದೆ ಸೋತು ಎದ್ದುಬಂದ ಆಟಗಾರನು ಇಲ್ಲಿಯೂ ಸೋಲನ್ನು ಮರ್ಯಾದೆಯಿಂದ ಹೊತ್ತನು.

ಸ್ನೇಹವು ಒಡೆದುದು ಹೆಣ್ಣಿನಿಂದಲ್ಲ, ರಾಜಕಾರಣದಿಂದ. 1921ನೆಯ ಡಿಸೆಂಬರ್ 6ರಂದು ಕಾಲಿನ್ಸನೇ ಮೊದಲಾದವರು ಲಂಡನ್ನಿನಲ್ಲಿ ಒಪ್ಪಂದಕ್ಕೆ ಸಹಿಹಾಕಿದರು. ಅದರಂತೆ ಐರ್ಲೆಂಡಿಗೆ ಸ್ವರಾಜ್ಯ ದೊರಕಿತು. ಆದರೆ ಸಂಪೂರ್ಣ ಗಣರಾಜ್ಯವಲ್ಲ. ಪ್ರತಿನಿಧಿಗಳು ಆಂಗ್ಲ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿತ್ತು. ದೊರೆತುದನ್ನು ಹಿಡಿದು ಉಳಿದುದನ್ನು ಮುಂದೆ ಪಡೆಯೋಣವೆಂದು ಕಾಲಿನ್ಸನ ವಾದ. ಯಾವ ಗಣರಾಜ್ಯಕ್ಕಾಗಿ ಗೆಳೆಯರು ಪ್ರಾಣಬಿಟ್ಟರೋ ಅದನ್ನು ಬಿಟ್ಟುಕೊಡಲಾರೆನೆಂದು ಬೋಲಂಡನ ನಿಲುವು. ಎರಡರಲ್ಲಿಯೂ ಧರ್ಮವಿತ್ತು; ಅದೇ ದುರಂತ. 1922ನೆಯ ಜನವರಿ 7ರಂದು ಪ್ರತಿನಿಧಿಸಭೆಯು 57ಕ್ಕೆ ಎದುರಾಗಿ 64 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು. ಬೋಲಂಡನು ವಿರೋಧವಾಗಿ ಮತವಿತ್ತನು.

ಹಾಗೆಂದು ಅವನು ಜಗಳವನ್ನು ಬಯಸಿದವನಲ್ಲ. ಆ ಬೇಸಗೆಯಲ್ಲಿ ಒಮ್ಮೆ ಕಾಲಿನ್ಸನ ಬಳಿಗೆ, ಒಮ್ಮೆ ಡಿ ವೆಲೇರಾನ ಬಳಿಗೆ ಓಡಾಡಿ, ಎರಡು ಪಕ್ಷಗಳೂ ಕೂಡಿ ಚುನಾವಣೆಗೆ ನಿಲ್ಲುವಂತೆ ಮೇ ತಿಂಗಳಿನಲ್ಲಿ ಒಂದು ಕರಾರನ್ನು ಮಾಡಿಸಲು ಅವನು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಹಿಂದೆ ತೀರ್ಪುಗಾರನಾಗಿ ನಿಂತಿದ್ದವನು ಮತ್ತೊಮ್ಮೆ ಎರಡು ತಂಡಗಳ ನಡುವೆ ನಿಂತನು. ಆದರೆ ಈ ಬಯಲಿನಲ್ಲಿ ಅವನ ಸೀಟಿಯನ್ನು ಕೇಳುವವರಿರಲಿಲ್ಲ. ಅವನೂ ಒಂದು ತಂಡದವನೇ ಆಗಿದ್ದನು. ಕರಾರು ಕೆಲವು ವಾರಗಳಲ್ಲಿ ಮುರಿದುಬಿದ್ದಿತು. ಜೂನ್ 28ರಂದು ಅಂತಃಕಲಹದ ಮೊದಲ ಫಿರಂಗಿ ಡಬ್ಲಿನ್ನಿನಲ್ಲಿ ಮೊಳಗಿತು.

ಜುಲೈ ಕೊನೆಯಲ್ಲಿ ಕಾಲಿನ್ಸನು ಹಳೆಯ ಗೆಳೆಯನಿಗೆ, ನಮ್ಮ ಸ್ಥಿತಿ ಇಲ್ಲಿಗೆ ಬಂದಿತಲ್ಲಾ ಎಂಬ ಸಂಕಟದಿಂದ ಒಂದು ಕಾಗದವನ್ನು ಬರೆದನು. ಅದಾದ ಮೂರನೆಯ ದಿನ, 31ರ ಬೆಳಗಿನ ಜಾವ, ಡಬ್ಲಿನ್ನಿಗೆ ಉತ್ತರದಲ್ಲಿರುವ ಸ್ಕೆರೀಸ್ ಎಂಬ ಕಡಲತೀರದ ಊರಿನ ಹೋಟಲಿನಲ್ಲಿ ಬೋಲಂಡನು ಮಲಗಿದ್ದಾಗ ಹೊಸ ಸರ್ಕಾರದ ಸೈನಿಕರು ಅವನನ್ನು ಬಂಧಿಸಲು ಬಂದರು. ಅವನ ಕೈಯಲ್ಲಿ ಆಯುಧವಿರಲಿಲ್ಲ. ನಡೆದ ತಳ್ಳಾಟದಲ್ಲಿ ಗುಂಡು ಹೊಟ್ಟೆಯನ್ನು ಹೊಕ್ಕಿತು. ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಅಕ್ಕರೆಯ ಸೋದರಿ ಕ್ಯಾಥಲೀನಳು, ಹೊಡೆದವನಾರೆಂದು ಕೇಳಿದಳು. ತನ್ನೊಡನೆ ಸೆರೆಮನೆಯಲ್ಲಿದ್ದ ಸ್ನೇಹಿತನೇ ಎಂದು ಹೇಳಿ, ಹೆಸರನ್ನು ಹೇಳಲು ಅವನು ಒಪ್ಪಲಿಲ್ಲ. ಹೆಸರು ಹೊರಬಿದ್ದರೆ ಸೇಡು ಹುಟ್ಟುವುದೆಂದು ಅವನು ಅರಿಯದವನಲ್ಲ. ಆಗಸ್ಟ್ ತಿಂಗಳು ಕಾಲಿಡುತ್ತಿದ್ದಂತೆ ಅವನ ಪ್ರಾಣ ಹೋಯಿತು. ಗ್ಲಾಸ್‌ನೆವಿನ್ ಶ್ಮಶಾನದಲ್ಲಿ ಅವನನ್ನು ಮಣ್ಣುಮಾಡಿದರು.

ಆಸ್ಪತ್ರೆಯ ಮುಂದೆ ನೆರೆದ ಜನರನ್ನು ನೋಡುತ್ತ ಕಾಲಿನ್ಸನು ಆ ದಾರಿಯಲ್ಲಿ ಹಾದುಹೋದನಂತೆ. ಅವನಿಗೊಂದು ಹೂವಿನ ಹಾರವನ್ನು ಕಳುಹಿಸಬೇಕೆಂದು ಮನಸ್ಸಿದೆ, ಆದರೆ ಅದನ್ನು ಹರಿದು ಹಿಂದಕ್ಕೆ ಕಳುಹಿಸುವರೇನೋ ಎಂದು ಕಿಟಿಗೆ ಬರೆದನು. ಮೂರು ವಾರಗಳು ಕಳೆದು, ಆಗಸ್ಟ್ 22ರಂದು, ತನ್ನ ಕಾರ್ಕ್ ಸೀಮೆಯ ದಾರಿಯೊಂದರಲ್ಲಿ ಕಾಲಿನ್ಸನೂ ಗುಂಡಿಗೆ ಬಲಿಯಾದನು. ಅವನಿಗೆ ಮೂವತ್ತೊಂದು ವರ್ಷ. ಅವನನ್ನು ಹೂಳಿದುದೂ ಗ್ಲಾಸ್‌ನೆವಿನ್ನಿನಲ್ಲಿಯೇ.

ಕೂಹುಲಿನ್ನನ ಕಥೆಗೆ ಮರಳಿ ಬರುತ್ತೇನೆಂದು ಹೇಳಿದ್ದೆನಷ್ಟೆ. ಅವನು ಪ್ರಾಯಕ್ಕೆ ಬಂದ ಮೇಲೆ, ಒಂದೇ ಗುರುವಿನ ಬಳಿ ವಿದ್ಯೆ ಕಲಿತ ಪ್ರಾಣಸ್ನೇಹಿತ ಫರ್ಡಿಯಾ ಎಂಬವನೊಡನೆ ಹೊಳೆಯ ಕಡವಿನಲ್ಲಿ ಕಾದಬೇಕಾಯಿತು. ಹಗಲೆಲ್ಲ ಹೋರಾಡಿ ಸಂಜೆ ಆಯುಧಗಳನ್ನಿಟ್ಟು ಇಬ್ಬರೂ ಆಲಿಂಗಿಸಿಕೊಳ್ಳುವರು. ಒಬ್ಬನಿಗೆ ಬಂದ ಔಷಧಿಯಲ್ಲಿ ಅರ್ಧ ಮತ್ತೊಬ್ಬನಿಗೆ, ಮತ್ತೊಬ್ಬನಿಗೆ ಬಂದ ಆಹಾರದಲ್ಲಿ ಪಾಲು ಇವನಿಗೆ. ಕೊನೆಗೆ ಫರ್ಡಿಯಾ ಬಿದ್ದಾಗ ಗೆದ್ದವನು ಅವನನ್ನು ತೋಳುಗಳಲ್ಲಿ ಹೊತ್ತು, ಹೊಳೆಯನ್ನು ದಾಟಿಸಿ, ಮಲಗಿಸಿ ಅತ್ತನು. ಕರ್ಣನು ಯಾರೆಂದರಿತ ಮೇಲೆ ಪಾಂಡವರು ಅತ್ತುದನ್ನು ಬಲ್ಲ ನಮಗೆ ಈ ಅಳು ಅಪರಿಚಿತವಲ್ಲ. ಪುರಾಣದ ಆ ವೀರರಿಗೆ ಸಂಜೆಯೆಂಬುದೊಂದಿತ್ತು. 1922ರ ಆ ಗೆಳೆಯರಿಗೆ ಅದೂ ದೊರೆಯಲಿಲ್ಲ, ಹೂವಿನ ಹಾರವೂ ದಾಟಿಹೋಗಲಿಲ್ಲ.

ಇಂದು ಐರ್ಲೆಂಡಿನಲ್ಲಿ ಹರ್ಲಿಂಗ್ ಆಟವು ವೈಭವದಿಂದ ನಡೆಯುತ್ತಿದೆ. ಕ್ರೋಕ್ ಪಾರ್ಕಿನಲ್ಲಿ ಎಂಬತ್ತೆರಡು ಸಾವಿರ ಜನರು ಕುಳಿತು ನೋಡುತ್ತಾರೆ. 2018ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಡುವವರು ಇಂದಿಗೂ ಸಂಬಳಕ್ಕೆ ಆಡುವವರಲ್ಲ. ವಾರವೆಲ್ಲ ಉಪಾಧ್ಯಾಯರಾಗಿ, ರೈತರಾಗಿ, ಗುಮಾಸ್ತರಾಗಿ ದುಡಿದು ಭಾನುವಾರ ಕೋಲು ಹಿಡಿಯುವವರು. ಎಪ್ಪತ್ತು ನಿಮಿಷಗಳ ಕಾಲ ಒಬ್ಬರನ್ನೊಬ್ಬರು ಲಕ್ಷಿಸದೆ ಹೋರಾಡಿ, ತೀರ್ಪುಗಾರನ ಕೊನೆಯ ಸೀಟಿ ಕೇಳಿದೊಡನೆ ಬೆವರು ಒರೆಸಿಕೊಂಡು ಎದುರಾಳಿಯ ಕೈ ಹಿಡಿಯುತ್ತಾರೆ. ಹುಡುಗರನ್ನು ಆಟಕ್ಕೆ ಕಳುಹಿಸಲು ಹಿಂಜರಿಯುವ ತಾಯಿತಂದೆಗಳು ನಮ್ಮಲ್ಲಿ ಹಲವರಿರುವರು. ಸಂಜೆ ಮಗನು ಮನೆಗೆ ಬಂದಾಗ ಗೆದ್ದೆಯೋ ಸೋತೆಯೋ ಎಂದು ಕೇಳುವುದಕ್ಕಿಂತ ಮೊದಲು, ಕೊನೆಯಲ್ಲಿ ಎದುರು ತಂಡದವನ ಕೈ ಹಿಡಿದೆಯಾ ಎಂದು ಕೇಳಿರೆಂಬುದು ಈ ಹಳೆಯ ಉಪಾಧ್ಯಾಯನ ವಿಜ್ಞಾಪನೆ.